‘ಸುಮ್ನೆ ಯಾಕೆ ತೊಂದರೆ’ ಎಂದಿರಲ್ಲ, ಗಂಟು ಇರುವುದು ಅಲ್ಲೇ

ಪ್ರಶ್ನೆ: ನನಗೆ 31 ವರ್ಷ, ಊರು ತೀರ್ಥಹಳ್ಳಿ ಕಡೆ. ಬ್ಯಾಂಕಿನಲ್ಲಿ ಕೆಲಸ. ವರ್ಗವಾಗಿ ಕಲಬುರಗಿಗೆ ಬಂದು ಒಂದೂವರೆ ವರ್ಷವಾಯಿತು. ಸೇಡಂ ರಸ್ತೆಯ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದೇನೆ. ಬ್ಯಾಂಕಿನಲ್ಲಿ ಎಲ್ಲರೂ ಒಳ್ಳೆಯವರೇ, ಆದರೆ ಸಂಜೆಯಾದ ಮೇಲೆ ಅವರವರ ಮನೆ ಅವರವರಿಗೆ. ಹೋದ ತಿಂಗಳು ಮೂರು ದಿನ ಜ್ವರ ಬಂದು ಮಲಗಿದ್ದೆ. ಫೋನಿನಲ್ಲಿ ನಾನೂರಕ್ಕೂ ಜಾಸ್ತಿ ನಂಬರ್‌ಗಳಿವೆ. ಈ ಊರಲ್ಲಿ ಯಾರಿಗೆ ಫೋನ್ ಮಾಡಲಿ ಎಂದು ಗೊತ್ತಾಗಲಿಲ್ಲ. ನೀರಿನ ಕ್ಯಾನ್ ತರುವ ಹುಡುಗ ಒಬ್ಬನೇ ‘ಆರಾಮಿಲ್ಲೇನ್ರೀ ಮೇಡಂ?’ ಎಂದು ಕೇಳಿದ. ಎದುರು ಮನೆಯ ಆಂಟಿ ಎಳ್ಳ ಅಮಾವಾಸ್ಯೆಗೆ ತಮ್ಮ ಹೊಲಕ್ಕೆ ಊಟಕ್ಕೆ ಬಾ ಎಂದು ಮೂರು ಸಲ ಕರೆದಿದ್ದರು. ಸುಮ್ನೆ ಯಾಕೆ ತೊಂದರೆ ಎಂದು ಹೋಗಲಿಲ್ಲ. ಸಂಜೆ ಡಬ್ಬಿಯಲ್ಲಿ ಭಜ್ಜಿ, ಸಜ್ಜೆ ರೊಟ್ಟಿ ಕಳಿಸಿದರು. ಎರಡು ತಿಂಗಳಾಯಿತು, ಆ ಡಬ್ಬಿ ಇನ್ನೂ ನನ್ನ ಹತ್ತಿರವೇ ಇದೆ. ಈಗ ಕೊಡಲು ನಾಚಿಕೆ. ನನ್ನವರು ಅನ್ನುವ ನಾಲ್ಕು ಜನರನ್ನು ಹೊಸ ಊರಲ್ಲಿ ಹೇಗೆ ಮಾಡಿಕೊಳ್ಳುವುದು? ಇಷ್ಟು ಸಣ್ಣ ವಿಷಯ ಕೇಳಬಹುದಾ?

ಉತ್ತರ:

ತಂಗಿ ಅನ್ನಲಾ? ನನಗೆ ಐವತ್ತೆಂಟು. ತವರು ಬಸವಕಲ್ಯಾಣದ ಕಡೆ, ಮದುವೆಯಾಗಿ ಬಂದಿದ್ದು ಕಲಬುರಗಿಗೆ. ಇಪ್ಪತ್ತಾರು ವರ್ಷದಿಂದ ಇದೇ ಊರಲ್ಲಿ ಆಪ್ತಸಮಾಲೋಚನೆ ಮಾಡುತ್ತಿದ್ದೇನೆ. ‘ಸಣ್ಣ ವಿಷಯ’ ಎಂದು ಮಾತು ಶುರು ಮಾಡುವವರೇ ನನ್ನ ಎದುರಿನ ಕುರ್ಚಿಯಲ್ಲಿ ಎಲ್ಲರಿಗಿಂತ ಜಾಸ್ತಿ ಹೊತ್ತು ಕೂರುತ್ತಾರೆ. ಸಣ್ಣದೇನಲ್ಲ ಇದು. 2010ರಲ್ಲಿ ಅಮೆರಿಕದ ಜೂಲಿಯನ್ ಹೋಲ್ಟ್-ಲನ್‌ಸ್ಟಡ್ ಮತ್ತು ಅವರ ಜೊತೆಯವರು 148 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಜನರ ಒಡನಾಟ ಗಟ್ಟಿಯಾಗಿರುವವರು ಬದುಕಿ ಉಳಿಯುವ ಸಾಧ್ಯತೆ ಇಲ್ಲದವರಿಗಿಂತ ಶೇ 50ರಷ್ಟು ಜಾಸ್ತಿ ಎಂದು ಬಂತು. ಬಿಪಿ, ಶುಗರ್ ಎಂದು ವರ್ಷಕ್ಕೊಮ್ಮೆ ಬೆರಳು ಚುಚ್ಚಿಸಿಕೊಂಡು ಬರುತ್ತೇವೆ. ಇದನ್ನು ಮಾತ್ರ ಯಾರೂ ನೋಡಿಸಿಕೊಳ್ಳುವುದಿಲ್ಲ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಕಣ್ಣು ಜ್ವರದ ಮೇಲೆ ನಿಂತಿತು. ಎರಡನೇ ಸಲ ಡಬ್ಬಿಯ ಮೇಲೆ. ‘ಸುಮ್ನೆ ಯಾಕೆ ತೊಂದರೆ’ ಎಂದು ನೀವು ಹಾಗೇ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಗಂಟು ಇರುವುದೇ ಅಲ್ಲಿ.

ಮೊದಲು ಈ ಊರಿನ ಕರೆಯ ಲೆಕ್ಕ ಹೇಳುತ್ತೇನೆ. ಇಲ್ಲಿ ಒಂದು ಸಲ ಕರೆದರೆ ಅದು ಮರ್ಯಾದೆ. ಎರಡನೇ ಸಲ ಕರೆದರೆ ಮನಸ್ಸಿದೆ ಎಂದು ಅರ್ಥ. ಮೂರನೇ ಸಲ ಕರೆದರು ಅಂದರೆ ನಿಮ್ಮ ಪಾಲಿನ ರೊಟ್ಟಿಗೂ ಹಿಟ್ಟು ಅಳೆದು ಇಟ್ಟಿದ್ದಾರೆ. ನಿಮ್ಮ ಕಡೆ ಒಂದು ಸಲ ಬೇಡ ಎಂದರೆ ಎದುರಿನವರು ಒತ್ತಾಯ ಮಾಡದೆ ಬಿಡುವುದೇ ಸಭ್ಯತೆ ಇರಬಹುದು. ಇಲ್ಲಿ ಮೊದಲ ‘ಬ್ಯಾಡ್ರೀ’ಯನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಂಟಿಯ ಮನೆಯಲ್ಲಿ ಆ ದಿನ ಏನು ನಡೆದಿರುತ್ತದೆ ಎಂದು ನಾನು ಇಲ್ಲೇ ಕೂತು ಹೇಳಬಲ್ಲೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕಾಳು, ಸೊಪ್ಪು, ತರಕಾರಿ ಎಲ್ಲ ಕೂಡಿಸಿ ದೊಡ್ಡ ಪಾತ್ರೆಯಲ್ಲಿ ಭಜ್ಜಿ ಕುದಿಸಿದ್ದಾರೆ, ಎಳ್ಳು ಹಚ್ಚಿ ರೊಟ್ಟಿ ಬಡಿದಿದ್ದಾರೆ, ಹೊಲಕ್ಕೆ ಹೋಗಿ ಪೂಜೆ ಮಾಡಿ ಚರಗ, ಅಂದರೆ ಭೂತಾಯಿಗೆ ಎಡೆ, ಹೊಲದ ತುಂಬ ಚೆಲ್ಲಿದ್ದಾರೆ, ಆಮೇಲೆ ಬೇವಿನ ಮರದ ಕೆಳಗೆ ಜಮಖಾನ ಹಾಸಿ ಎಲ್ಲರೂ ಕೂತಿದ್ದಾರೆ. ಆ ದಿನ ಕಲಬುರಗಿಯ ಅರ್ಧ ಮಂದಿ ಯಾರದೋ ಹೊಲದಲ್ಲಿರುತ್ತಾರೆ. ಸ್ವಂತ ಹೊಲ ಇಲ್ಲದವರೂ ಇರುತ್ತಾರೆ. ಹಬ್ಬದ ಚಂದವೇ ಅದು, ಹೊಲ ಇದ್ದವರಿಗೆ ಕರೆಯಲು ಮಂದಿ ಬೇಕು. ನೀವು ಹೋಗಲಿಲ್ಲ. ಅವರು ಸಿಟ್ಟಾಗಲಿಲ್ಲ, ಡಬ್ಬಿ ಕಟ್ಟಿ ಕಳಿಸಿದರು.

ತೊಂದರೆ ಕೊಡಬಾರದು ಎನ್ನುವುದು ಒಳ್ಳೆಯ ಗುಣ ಎಂದೇ ನಮಗೆಲ್ಲ ಕಲಿಸಿದ್ದಾರೆ. ಆದರೆ ಯಾರಿಗೂ ತೊಂದರೆ ಕೊಡದವರ ಮನೆಗೆ ಬಂದು ತೊಂದರೆ ಕೊಡಲು ಬೇರೆಯವರಿಗೂ ಸಂಕೋಚವಾಗುತ್ತದೆ. ಆಮೇಲೆ ಎರಡೂ ಬಾಗಿಲು ಮುಚ್ಚಿಯೇ ಇರುತ್ತವೆ. ಇದನ್ನು ಅಳೆದು ನೋಡಿದವರೂ ಇದ್ದಾರೆ. 1969ರಲ್ಲಿ ಜೆಕರ್ ಮತ್ತು ಲ್ಯಾಂಡಿ ಎಂಬ ಇಬ್ಬರು ಒಂದು ಪ್ರಯೋಗ ಮಾಡಿದರು. ಅದರಲ್ಲಿ ಭಾಗವಹಿಸಿದವರು ಸ್ವಲ್ಪ ದುಡ್ಡು ಗೆದ್ದರು. ಅವರಲ್ಲಿ ಕೆಲವರ ಹತ್ತಿರ ಪ್ರಯೋಗ ನಡೆಸಿದವನೇ ಹೋಗಿ, ಇದು ನನ್ನ ಕೈಯಿಂದ ಹಾಕಿದ ದುಡ್ಡು, ಖಾಲಿಯಾಗುತ್ತಿದೆ, ವಾಪಸ್ ಕೊಡುತ್ತೀರಾ ಎಂದು ಕೇಳಿದ. ಇನ್ನು ಕೆಲವರನ್ನು ಏನೂ ಕೇಳದೆ ಕಳಿಸಿದರು. ಕೊನೆಗೆ ಆ ಮನುಷ್ಯ ಹೇಗೆ ಎಂದು ಕೇಳಿದಾಗ, ದುಡ್ಡು ವಾಪಸ್ ಕೊಟ್ಟವರೇ ಅವನನ್ನು ಜಾಸ್ತಿ ಮೆಚ್ಚಿದ್ದರು! ದುಡ್ಡು ಇಟ್ಟುಕೊಂಡವರು ಅಷ್ಟು ಮೆಚ್ಚಿರಲಿಲ್ಲ. ನಾವು ಯಾರಿಗೆ ಉಪಕಾರ ಮಾಡುತ್ತೇವೋ ಅವರ ಮೇಲೆ ನಮಗೆ ಪ್ರೀತಿ ಹುಟ್ಟುತ್ತದೆ. ಉಲ್ಟಾ ಅನಿಸುತ್ತದೆ ಅಲ್ವಾ? ನಿಮ್ಮ ಮನೆಗೆ ಬಂದ ಹೊಸ ಸೊಸೆಗೆ ಮೊದಲ ವಾರ ಎಲ್ಲ ಕಲಿಸಿಕೊಟ್ಟ ಅತ್ತಿಗೆ ಯಾರು, ಆಮೇಲೆ ಆ ಸೊಸೆಯ ಪರ ಜಗಳ ಆಡುವವರು ಯಾರು, ನೆನಪು ಮಾಡಿಕೊಂಡು ನೋಡಿ.

ಇನ್ನೊಂದು 2008ರದ್ದು, ಫ್ಲಿನ್ ಮತ್ತು ಲೇಕ್ ಅವರದ್ದು. ಗುರುತಿಲ್ಲದವರ ಹತ್ತಿರ ಸಣ್ಣ ಸಹಾಯ ಕೇಳಿ ಬನ್ನಿ ಎಂದು ಜನರನ್ನು ಕಳಿಸಿದರು. ಎಷ್ಟು ಮಂದಿಯನ್ನು ಕೇಳಿದರೆ ಕೆಲಸ ಆದೀತು ಎಂದು ಮೊದಲೇ ಅಂದಾಜು ಬರೆಸಿಕೊಂಡಿದ್ದರು. ಆ ಅಂದಾಜಿನ ಅರ್ಧದಷ್ಟು ಮಂದಿಯಲ್ಲೇ ಕೆಲಸ ಮುಗಿಯಿತು. ಹೂಂ ಅನ್ನುವವರು ನಾವು ಅಂದುಕೊಂಡಿದ್ದಕ್ಕಿಂತ ಬಹಳ ಜಾಸ್ತಿ ಇದ್ದಾರೆ. ಕೇಳುವವರೇ ಕಡಿಮೆ.

ಹಾಗಂತ ನಾಳೆಯೇ ಹೋಗಿ ಆಂಟಿಯ ಹತ್ತಿರ ಐವತ್ತು ಸಾವಿರ ಕೇಳಬೇಡಿ. ತೊಂದರೆ ಸಣ್ಣದಿರಬೇಕು, ಅವರ ಕೈಯಲ್ಲಿ ಆಗುವಂಥದ್ದಿರಬೇಕು. ನಾಲ್ಕು ಹಸಿಮೆಣಸಿನಕಾಯಿ. ‘ನಾನು ಬ್ಯಾಂಕಿನಲ್ಲಿ ಇರುತ್ತೇನೆ, ಗ್ಯಾಸ್ ಬಂದರೆ ಇಳಿಸಿಕೊಳ್ಳುತ್ತೀರಾ?’ ‘ಬ್ಲೌಸ್ ಯಾರ ಹತ್ತಿರ ಹೊಲಿಸುತ್ತೀರಿ?’ ಇವೆಲ್ಲ ಈಗ ಫೋನಿನಲ್ಲೇ ಸಿಗುತ್ತವೆ, ಗೊತ್ತು. ಫೋನಿನಲ್ಲಿ ಸಿಗುವುದನ್ನೇ ಬೇಕೆಂದೇ ಮನುಷ್ಯರ ಹತ್ತಿರ ಕೇಳಿ ಎಂದು ಹೇಳುತ್ತಿದ್ದೇನೆ.

ಒಂದೂವರೆ ವರ್ಷವಾದರೂ ಯಾರೂ ಇಲ್ಲ ಎಂದು ನಿಮ್ಮನ್ನೇ ಬೈದುಕೊಂಡಿದ್ದೀರಿ. ಬ್ಯಾಂಕಿನವರು ನೀವು, ಲೆಕ್ಕ ಹಾಕೋಣ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಇದನ್ನು ಗಂಟೆಗಳಲ್ಲಿ ಎಣಿಸಿದರು. ಮುಖಪರಿಚಯ ಇದ್ದವರು ಸಾಧಾರಣ ಗೆಳೆಯರಾಗಲು ಸುಮಾರು 50 ಗಂಟೆ ಜೊತೆಗಿರಬೇಕು. ಗೆಳೆಯರು ಎನ್ನಿಸಿಕೊಳ್ಳಲು 90. ಜೀವದ ಗೆಳೆಯರಾಗಲು 200ಕ್ಕೂ ಜಾಸ್ತಿ. ಕೆಲಸದ ಜಾಗದಲ್ಲಿ ಒಟ್ಟಿಗೆ ಕಳೆದ ಗಂಟೆಗಳು ಇದರಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ಒಂದೂವರೆ ವರ್ಷ ಪಕ್ಕದ ಕೌಂಟರಿನಲ್ಲಿ ಕೂತವರಿಗೂ ನೀವು ಜ್ವರದಲ್ಲಿ ಫೋನ್ ಮಾಡಲಿಲ್ಲ. ವಾರಕ್ಕೆ ಎರಡು ಗಂಟೆ ಒಬ್ಬರ ಜೊತೆ ಕಳೆದರೂ 200 ಗಂಟೆಗೆ ನೂರು ವಾರ, ಹತ್ತಿರ ಹತ್ತಿರ ಎರಡು ವರ್ಷ. ನೀವು ಸೋತಿಲ್ಲ, ಇನ್ನೂ ಖಾತೆಯನ್ನೇ ತೆರೆದಿಲ್ಲ ಅಷ್ಟೆ. ಎಳ್ಳ ಅಮಾವಾಸ್ಯೆಗೆ ಹೋಗಿದ್ದರೆ ಬೆಳಗ್ಗೆ ಎಂಟಕ್ಕೆ ಗಾಡಿ ಹತ್ತಿ ಸಂಜೆ ಆರಕ್ಕೆ ಇಳಿಯುತ್ತಿದ್ದಿರಿ. ಹತ್ತು ಗಂಟೆ. ಐದು ವಾರದ ಕಂತು ಒಂದೇ ದಿನ ಜಮಾ.

ಇನ್ನು ಎಲ್ಲಿ, ಯಾರ ಜೊತೆ. ಅಮೆರಿಕದ ಎಂಐಟಿಯ ವಿದ್ಯಾರ್ಥಿ ವಸತಿಯಲ್ಲಿ ಫೆಸ್ಟಿಂಗರ್ ಮತ್ತು ಅವರ ಜೊತೆಯವರು ಮಾಡಿದ ಹಳೆಯ ಅಧ್ಯಯನ ಒಂದಿದೆ, 1950ರಲ್ಲಿ ಪ್ರಕಟವಾಗಿದ್ದು. ಯಾರು ಯಾರಿಗೆ ಗೆಳೆಯರಾದರು ಎಂದು ನೋಡಿದರೆ, ಸ್ವಭಾವಕ್ಕಿಂತ ಬಾಗಿಲು ಎಲ್ಲಿದೆ ಎನ್ನುವುದೇ ಜಾಸ್ತಿ ಕೆಲಸ ಮಾಡಿತ್ತು. ಮೆಟ್ಟಿಲಿನ ಹತ್ತಿರ, ಟಪಾಲು ಡಬ್ಬಿಯ ಹತ್ತಿರ ಮನೆ ಇದ್ದವರಿಗೆ ಗೆಳೆಯರು ಜಾಸ್ತಿ, ಓಡಾಡುವವರೆಲ್ಲ ಅವರ ಕಣ್ಣಿಗೆ ಬೀಳುತ್ತಿದ್ದರಲ್ಲ. ಈಗ ನಿಮ್ಮ ದಿನ ನೋಡಿ. ಮನೆಯಿಂದ ಲಿಫ್ಟು, ಲಿಫ್ಟಿನಿಂದ ಪಾರ್ಕಿಂಗು, ಸ್ಕೂಟಿ, ಬ್ಯಾಂಕು. ತರಕಾರಿ, ದಿನಸಿ ಎಲ್ಲ ಆ್ಯಪಿನಲ್ಲಿ ಬರುತ್ತಿರಬೇಕು ಎಂದು ನನ್ನ ಅಂದಾಜು. ನಿಮ್ಮನ್ನು ದಿನಾ ನೋಡುವವನು ನೀರಿನ ಹುಡುಗ ಒಬ್ಬನೇ, ಹಾಗಾಗಿ ಆರಾಮಿಲ್ಲೇನ್ರೀ ಎಂದು ಕೇಳಿದವನೂ ಅವನೊಬ್ಬನೇ. ಸಂಜೆ ಗೇಟಿಗೆ ತರಕಾರಿ ಗಾಡಿ ಬಂದಾಗ ಚೀಲ ಹಿಡಿದು ಕೆಳಗೆ ಇಳಿಯಿರಿ. ಮೆಂತೆ ಸೋಸುತ್ತಾ ನಿಂತಿರುತ್ತಾರಲ್ಲ ನಾಲ್ಕು ಹೆಂಗಸರು, ಇಡೀ ಅಪಾರ್ಟ್‌ಮೆಂಟಿನ ಸುದ್ದಿ ಓಡಾಡುವುದು ಅಲ್ಲೇ. ಮೊದಲ ಹದಿನೈದು ದಿನ ಸುಮ್ನೆ ನಕ್ಕು ಬನ್ನಿ, ಸಾಕು. ಹದಿನಾರನೇ ದಿನ ನೀವು ಇಳಿಯದಿದ್ದರೆ ಒಬ್ಬರಾದರೂ ‘ತೀರ್ಥಹಳ್ಳಿ ಮೇಡಂ ಕಾಣವಲ್ರಲ್ಲ’ ಅನ್ನುತ್ತಾರೆ.

ಬೆಳಗಿನ ವಾಕಿಂಗ್ ಎಲ್ಲರೂ ಹೇಳುವ ಮಾತು, ನಾನೂ ಹೇಳುತ್ತೇನೆ. ಪಬ್ಲಿಕ್ ಗಾರ್ಡನ್ ಆಗಲಿ, ಅಪ್ಪನ ಕೆರೆಯ ದಂಡೆ ಆಗಲಿ, ಒಂದೇ ಜಾಗ, ಒಂದೇ ಹೊತ್ತು. ಇವತ್ತು ಇಲ್ಲಿ, ನಾಳೆ ಅಲ್ಲಿ ಎಂದರೆ ಪ್ರತಿ ದಿನವೂ ಮೊದಲ ದಿನವೇ. ಕಿವಿಗೆ ಇಯರ್‌ಫೋನ್ ಬೇಡ. ಏಪ್ರಿಲ್, ಮೇ ಬಂತೆಂದರೆ ಇಲ್ಲಿ ಏಳು ಗಂಟೆಗೇ ಬಿಸಿಲು ನೆತ್ತಿಗೆ ಬರುತ್ತದೆ, ಐದೂವರೆಗೆ ಬರುವವರ ಜೊತೆ ಸೇರಿಕೊಳ್ಳಿ.

ನಾಟಕ, ಕವಿಗೋಷ್ಠಿ ಇಷ್ಟ ಇದ್ದರೆ ಎಸ್.ಎಂ. ಪಂಡಿತ ರಂಗಮಂದಿರ ಇದೆ. ಆದರೆ ಕತ್ತಲಲ್ಲಿ ಎರಡು ಗಂಟೆ ಕೂತು ಎದ್ದು ಬಂದರೆ ಗೆಳೆತನ ಆಗುವುದಿಲ್ಲ. ಅರ್ಧ ಗಂಟೆ ಮೊದಲು ಹೋಗಿ, ಕುರ್ಚಿ ಹಾಕುವವರ ಜೊತೆ ಕೈ ಹಾಕಿ. ಸಭೆಗೆ ಬಂದವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ, ಕುರ್ಚಿ ಹಾಕಿದವರ ಹೆಸರು ಗೊತ್ತಿರುತ್ತದೆ. ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ ಬರುತ್ತದೆ. ಶ್ರಾವಣದಲ್ಲಿ ಓಣಿಗೊಂದು ಪುರಾಣ, ಪ್ರವಚನ. ದೇವರ ಮೇಲೆ ನಂಬಿಕೆ ಎಷ್ಟಿದೆ ಎಂದು ನಾನು ಕೇಳುವುದಿಲ್ಲ, ಪ್ರಸಾದದ ಪಂಕ್ತಿಯಲ್ಲಿ ಬಡಿಸಲು ಯಾವಾಗಲೂ ಒಂದು ಕೈ ಕಡಿಮೆ ಇರುತ್ತದೆ.

ಭಿಶಿ ಎಂದು ಕೇಳಿರುತ್ತೀರಿ. ಹತ್ತು ಹೆಂಗಸರು ತಿಂಗಳಿಗೆ ಸಾವಿರ ಹಾಕಿದರೆ ಪ್ರತಿ ತಿಂಗಳು ಒಬ್ಬರಿಗೆ ಹತ್ತು ಸಾವಿರ. ಬಡ್ಡಿ ಇಲ್ಲ, ರಸೀದಿ ಇಲ್ಲ. ಇದಕ್ಕಿಂತ ಆರ್‌ಡಿ ಮಾಡಿ ಎಂದು ನೀವು ಅನ್ನುತ್ತೀರಿ, ನಿಮ್ಮ ಮಾತು ಸರಿಯೇ. ಆದರೆ ಭಿಶಿಯ ಲಾಭ ದುಡ್ಡಲ್ಲ. ತಿಂಗಳಿಗೊಂದು ದಿನ ಒಬ್ಬರ ಮನೆಯಲ್ಲಿ ಸೇರಲೇಬೇಕು, ಬೇಜಾರಿದ್ದರೂ ಹೋಗಲೇಬೇಕು, ಅಲ್ಲಿ ಸುಸಲಾ, ಮಿರ್ಚಿ ತಿಂದು ಹರಟೆ ಹೊಡೆದು ಬರಬೇಕು. ಆ ‘ಲೇಬೇಕು’ ಇದೆಯಲ್ಲ, ಅದಕ್ಕೆ ನಾನು ಸಾವಿರ ಕೊಡುತ್ತೇನೆ. ನೋಂದಣಿ ಇರುವ ಚಿಟ್ ಫಂಡ್‌ಗೆ 1982ರ ಕಾಯ್ದೆಯ ಕಾವಲಿದೆ, ಮನೆಯ ಭಿಶಿಗೆ ಮಂದಿಯ ಮುಖವೇ ಕಾವಲು. ಹೋದರೆ ಹೋಯಿತು ಅನ್ನುವಷ್ಟೇ ಹಾಕಿ.

ನನ್ನದೇ ಒಂದು ಪಜೀತಿ ಹೇಳುತ್ತೇನೆ. ಕೆಲವು ವರ್ಷದ ಹಿಂದೆ, ಎಲ್ಲರಿಗೂ ಬುದ್ಧಿ ಹೇಳುವವಳು ನಾನು, ನಾನೇ ಒಂದು ಬಳಗ ಕಟ್ಟುತ್ತೇನೆ ಎಂದು ಹೊರಟೆ. ಭಾನುವಾರದ ವಾಕಿಂಗ್ ಗುಂಪು. ವಾಟ್ಸ್ಆ್ಯಪಿನಲ್ಲಿ ಅರವತ್ನಾಲ್ಕು ಮಂದಿ ಸೇರಿದರು, ದಿನಾ ನಲವತ್ತು ಗುಡ್ ಮಾರ್ನಿಂಗ್ ಹೂವು. ಮೊದಲ ಭಾನುವಾರ ಹತ್ತೊಂಬತ್ತು ಮಂದಿ ಬಂದರು, ಎರಡನೇ ತಿಂಗಳಿಗೆ ನಾಲ್ವರು ಉಳಿದೆವು. ನನಗೆ ಅವಮಾನವಾಗಿತ್ತು. ಆ ನಾಲ್ವರಲ್ಲಿ ಒಬ್ಬರು ಟೇಲರ್. ಒಂದು ದಿನ ಮಗಳ ಸ್ಕಾಲರ್‌ಶಿಪ್ ಅರ್ಜಿ ಆನ್‌ಲೈನಿನಲ್ಲಿ ತುಂಬಿಕೊಡ್ರೀ ಎಂದು ಕೇಳಿದರು. ಮೂರು ಸಂಜೆ ಹಿಡಿಯಿತು, ಸರ್ವರ್ ಡೌನ್, ಆಧಾರಿನಲ್ಲಿ ಹೆಸರು ಬೇರೆ, ಎಲ್ಲ ರಾಮಾಯಣ. ಆ ಮೂರು ಸಂಜೆಯಲ್ಲಿ ಅವರ ಮನೆಯ ಕಥೆ ನನಗೆ ಗೊತ್ತಾಯಿತು, ನನ್ನದು ಅವರಿಗೆ. ವರ್ಷ ಕಳೆದ ಮೇಲೆ ಒಂದು ರಾತ್ರಿ ಎರಡು ಗಂಟೆಗೆ ನಮ್ಮ ಮನೆಯವರಿಗೆ ಎದೆನೋವು. ಹೋದ ಆಸ್ಪತ್ರೆಯಲ್ಲಿ ಮೊದಲು ಡೆಪಾಸಿಟ್ ಕಟ್ಟಿ ಎಂದರು. ನನ್ನ ಕಾರ್ಡು ಆ ಹೊತ್ತಿಗೇ ಕೈ ಕೊಟ್ಟಿತು. ಊರಲ್ಲಿ ನಮ್ಮ ಬೀಗರು, ನೆಂಟರು ಎಷ್ಟೋ ಮಂದಿ ಇದ್ದರು, ನನ್ನ ಬೆರಳು ಹೋಗಿದ್ದು ಟೇಲರ್ ಅಕ್ಕನ ನಂಬರಿಗೆ. ಆಟೋ ಹಿಡಿದು ಬಂದರು. ಆ ವಾರ ಎತ್ತಿದ ಭಿಶಿಯ ದುಡ್ಡು, ಬ್ಲೌಸ್ ಪೀಸಿನ ಚೀಲದಲ್ಲಿ ಸುತ್ತಿ ತಂದಿದ್ದರು. ಎಣಿಸಲೂ ಇಲ್ಲ.

ಅರವತ್ತು ಮಂದಿ ಹೋದರು ಎಂದು ನಾನು ಅತ್ತಿದ್ದು ಸುಮ್ನೆ. ಆದರೆ ಅರವತ್ನಾಲ್ಕು ಮಂದಿಗೆ ಕರೆ ಹೋಗದಿದ್ದರೆ ಆ ನಾಲ್ವರೂ ಸಿಗುತ್ತಿರಲಿಲ್ಲ, ಅದೂ ನಿಜ.

ಒಳ್ಳೆಯದನ್ನೇ ಹೇಳಿದರೆ ಪೂರ್ತಿ ಹೇಳಿದ ಹಾಗಾಗುವುದಿಲ್ಲ. ನೀವು ಜನರೊಳಗೆ ಇಳಿದ ಮೇಲೆ ಎರಡನೆಯದೋ ಮೂರನೆಯದೋ ಪ್ರಶ್ನೆ ‘ನಿಮ್ ಮಂದಿ ಯಾರ್ರೀ?’ ಎಂದು ಬರುತ್ತದೆ. ಜಾತಿ ಕೇಳುತ್ತಿದ್ದಾರೆ. ಎಲ್ಲ ಊರಲ್ಲೂ ಕೇಳುತ್ತಾರೆ, ಇಲ್ಲಿ ಸುತ್ತಿ ಬಳಸದೆ ಕೇಳುತ್ತಾರೆ. ‘ತೀರ್ಥಹಳ್ಳಿ ಮಂದಿರೀ’ ಎಂದು ನಕ್ಕುಬಿಡಿ. ಅರ್ಧ ಜನ ನಗುತ್ತಾರೆ. ಉತ್ತರ ಸಿಗುವ ತನಕ ಬಿಡದವರು, ಸಿಕ್ಕ ಮೇಲೆ ಮುಖ ತಿರುಗಿಸುವವರು ಇದ್ದೇ ಇರುತ್ತಾರೆ. ಅಲ್ಲಿ ನಿಮ್ಮ ಗಂಟೆ ಖರ್ಚು ಮಾಡಬೇಡಿ. ಒಬ್ಬಳೇ ಹುಡುಗಿ, ಮದುವೆ ಯಾಕಾಗಿಲ್ಲ ಎನ್ನುವುದೂ ಬರುತ್ತದೆ, ಹಿಂದೆಯೇ ಒಂದು ಹುಡುಗನ ಫೋಟೊ ಕೂಡ ಬರಬಹುದು. ಸಿಟ್ಟಾಗಬೇಡಿ, ಇಲ್ಲಿ ಅದು ಕೆಲವರಿಗೆ ಪ್ರೀತಿ ತೋರಿಸುವ ರೀತಿ. ಬೇಡವಾದರೆ ಬೇಡ ಎಂದು ಒಂದೇ ಸಲ, ನೆಟ್ಟಗೆ ಹೇಳಿ.

ಇಲ್ಲಿನ ಮಾತು ಮೊದಮೊದಲು ಜಗಳದ ಹಾಗೆ ಕೇಳಿಸಿದರೂ ಹೆದರಬೇಡಿ, ‘ರೀ’ ಇರುವ ತನಕ ಜಗಳ ಅಲ್ಲ. ನೀವು ‘ಅದ’, ‘ಹೌದ್ರೀ’ ಎಂದು ನಕಲು ಮಾಡಬೇಕಾಗಿಲ್ಲ. ನಿಮ್ಮ ಮಲೆನಾಡಿನ ಕನ್ನಡ ಕೇಳಲು ಇಲ್ಲಿಯವರಿಗೆ ಖುಷಿ. ಅರ್ಥವಾಗದ ಮಾತು ಬಂದರೆ ಕೇಳಿ, ಅದೂ ಒಂದು ಸಣ್ಣ ತೊಂದರೆಯೇ.

ಒಂದು ಎಚ್ಚರಿಕೆ. ಒಂಟಿ ಇರುವವರನ್ನು ಹುಡುಕಿಕೊಂಡು ಬರುವವರೂ ಇದ್ದಾರೆ. ಎರಡನೇ ಭೇಟಿಗೇ ‘ನೀವು ನಮ್ಮ ಮನೆಯವರಂತೆ’ ಎಂದು, ನಾಲ್ಕನೆಯದಕ್ಕೆ ಪ್ರೋಟೀನ್ ಪೌಡರ್, ಸ್ಕೀಮು, ಸೈಟು ತೆಗೆಯುತ್ತಾರೆ. ಬ್ಯಾಂಕಿನವರು ಎಂದರೆ ಲೋನ್ ಮಾಡಿಸಿಕೊಡಿ, ಜಾಮೀನು ಹಾಕಿ ಎಂದೂ ಬರುತ್ತಾರೆ. ಅರ್ಜಿ ತುಂಬಿಕೊಡಿ, ಪಾಸ್‌ಬುಕ್ ಓದಿ ಹೇಳಿ, ಓಟಿಪಿ ಯಾರಿಗೂ ಹೇಳಬೇಡಿ ಎಂದು ಅಜ್ಜಿಯರಿಗೆ ಕಲಿಸಿ. ಸಹಿ ಮಾತ್ರ ಹಾಕಬೇಡಿ.

ಇನ್ನೊಂದು ಮಾತು, ಬೇಗ ಹೇಳಿ ಮುಗಿಸುತ್ತೇನೆ. ಎರಡು ವಾರಕ್ಕೂ ಜಾಸ್ತಿ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಬದುಕು ಸಾಕು ಎಂಬ ಯೋಚನೆ ಒಂದು ಸಲ ಬಂದಿದ್ದರೂ ಅದು ಬರೀ ಒಂಟಿತನ ಅಲ್ಲ. 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರೂ ಸಿಗುತ್ತಾರೆ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ, ಆದರೂ ಹೇಳದೆ ಇರಲಾರೆ.

ಈಗ ಡಬ್ಬಿಯ ವಿಷಯ. ಎರಡು ತಿಂಗಳಾಯಿತು ಎಂದು ನಿಮಗೆ ನಾಚಿಕೆ. ಆಂಟಿಗೆ ಆ ಡಬ್ಬಿ ನೆನಪಿದೆ, ಅನುಮಾನ ಬೇಡ, ಡಬ್ಬಿ ಮರೆಯುವ ಹೆಂಗಸನ್ನು ನಾನು ಈ ಊರಲ್ಲಿ ನೋಡಿಲ್ಲ. ಆದರೆ ತೊಳೆದು ಖಾಲಿ ಡಬ್ಬಿ ಕೊಟ್ಟು ‘ಥ್ಯಾಂಕ್ಸ್ ಆಂಟಿ’ ಎಂದು ಬಂದರೆ ಲೆಕ್ಕ ಚುಕ್ತಾ ಮಾಡಿದ ಹಾಗೆ. ನೀವು ತೀರ್ಥಹಳ್ಳಿಯವರು, ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಇಲ್ಲದೆ ಇರುತ್ತದಾ? ನಾಲ್ಕು ಮಿಡಿ ಆ ಡಬ್ಬಿಗೆ ಹಾಕಿ. ಸಂಜೆ ಏಳರ ಮೇಲೆ ಹೋಗಿ, ರೊಟ್ಟಿ ಬಡಿಯುವ ಸದ್ದು ಹೊರಗೇ ಕೇಳಿಸುತ್ತದೆ. ‘ಅವತ್ತು ಬರದೆ ತಪ್ಪು ಮಾಡಿದೆ ಆಂಟಿ’ ಎಂದು ಒಂದೇ ಮಾತಿನಲ್ಲಿ ಹೇಳಿ, ಕಾರಣ ಹೇಳಲು ಹೋಗಬೇಡಿ. ಆಮೇಲೆ, ಉಪ್ಪಿನಕಾಯಿ ಸ್ಟೀಲಿನಲ್ಲಿ ಇಡಬಾರದು, ಗಾಜಿನ ಬಾಟಲಿ ಕೊಡಿ, ನಾನೇ ಹಾಕಿಕೊಡುತ್ತೇನೆ ಎಂದು ಅಡುಗೆಮನೆಗೇ ನಡೆಯಿರಿ. ಬಾಟಲಿ ಹುಡುಕಿ, ತೊಳೆದು, ಒರೆಸಿ, ಒಣಗಿಸುವ ಹೊತ್ತಿಗೆ ಇಪ್ಪತ್ತು ನಿಮಿಷವಾದರೂ ಆಗುತ್ತದೆ. ಅಷ್ಟರಲ್ಲಿ ಒಂದು ರೊಟ್ಟಿ ನಾನು ಬಡಿಯಲಾ ಎಂದು ಕೇಳಿ. ಹರಿದುಹೋಗುತ್ತದೆ, ಹೋಗಲಿ. ಭಜ್ಜಿಗೆ ಏನೇನು ಹಾಕಿದ್ದಿರಿ ಎಂದು ಕೇಳಲು ಮರೆಯಬೇಡಿ, ಆ ಪಟ್ಟಿ ಮುಗಿಯುವಷ್ಟರಲ್ಲಿ ರಾತ್ರಿ ಒಂಬತ್ತಾಗಿರುತ್ತದೆ, ಊಟ ಮಾಡಿ ಹೋಗು ಅನ್ನುತ್ತಾರೆ. ಒಂದು ಸಲ ಬೇಡ ಅನ್ನಿ, ಬೇಕಾದರೆ. ಎರಡನೇ ಸಲ ಕೈ ತೊಳೆದುಕೊಳ್ಳಿ.